ಅಳತೆ ತಪ್ಪಿದ ಮಳೆ

ಹರಿಹರದ ಸೇತುವೆಯ ಮೇಲೆ ನಿಂತು ಹೊಳೆಯನ್ನು ನೋಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗೆ ಉಂಟು. ಆಗಸ್ಟ್ ಎಂದರೆ ತುಂಗಭದ್ರೆ ದಡಕ್ಕೆ ದಡ ತುಂಬಿ ಹರಿಯಬೇಕಾದ ಕಾಲ. ಆದರೆ 2023ರ ಆಗಸ್ಟ್, ಭಾರತದ ಮಟ್ಟಿಗೆ 1901ರಿಂದೀಚಿನ ಅತ್ಯಂತ ಒಣ ಆಗಸ್ಟ್ ಆಯಿತು. ಸೆಪ್ಟೆಂಬರ್ 13ರಂದು ರಾಜ್ಯ ಸರ್ಕಾರ 195 ತಾಲೂಕುಗಳನ್ನು ಬರಪೀಡಿತವೆಂದು ಸಾರಿತು. ಆಮೇಲೆ ಆ ಸಂಖ್ಯೆ 223ಕ್ಕೆ ಏರಿತು.

ಅದೇ ತಿಂಗಳ ಮೊದಲ ವಾರ ಭೂಮಧ್ಯ ಸಮುದ್ರದ ತಡಿಯ ಗ್ರೀಸ್ ದೇಶದಲ್ಲಿ ನಡೆದುದೇ ಬೇರೆ. ಬೇಸಿಗೆ ಒಣ, ಚಳಿಗಾಲ ಮಳೆ ಎಂಬುದು ಶಾಲೆಯ ಭೂಗೋಳದಲ್ಲಿ ನಾವು ಓದಿದ ಅಲ್ಲಿನ ವಾಯುಗುಣ. ಆ ಒಣ ಕಾಲ ಕಳೆಯುವ ಮುನ್ನವೇ, ಡೇನಿಯಲ್ ಎಂಬ ಬಿರುಗಾಳಿ ಝಗೋರಾ ಎಂಬ ಬೆಟ್ಟದೂರಿನಲ್ಲಿ ಒಂದೇ ದಿನ 754 ಮಿಲಿಮೀಟರ್ ಮಳೆ ಸುರಿಸಿತು. ನಮ್ಮ ದಾವಣಗೆರೆಗೆ ವರ್ಷವಿಡೀ ಬೀಳುವುದು ಆರುನೂರು ಚಿಲ್ಲರೆ! ಮುಂದೆ ಅದೇ ಬಿರುಗಾಳಿ ಕಡಲು ದಾಟಿ ಲಿಬಿಯಾಕ್ಕೆ ಹೋಯಿತು. ಡೆರ್ನಾ ಪಟ್ಟಣದ ಮೇಲಿದ್ದ ಎರಡು ಅಣೆಕಟ್ಟೆಗಳು ಒಡೆದು ಸಾವಿರಾರು ಜನ ಕೊಚ್ಚಿಹೋದರು.

ಇಲ್ಲಿ ಬರ, ಅಲ್ಲಿ ಪ್ರಳಯ. ಇವೆರಡಕ್ಕೂ ಸಂಬಂಧವೇನು ಎಂದು ಕೇಳಬಹುದು. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಮೋಡವಿಲ್ಲದ ದಿನ ಆ ಗಾಳಿ ನೆಲದ ತೇವವನ್ನು ಇನ್ನಷ್ಟು ಹೀರುತ್ತದೆ. ಸುರಿಯತೊಡಗಿದಾಗ ಹಿಡಿದದ್ದನ್ನೆಲ್ಲ ಒಮ್ಮೆಗೇ ಸುರಿಸುತ್ತದೆ. 2023ರ ನಮ್ಮ ಬರದಲ್ಲಿ ಪೆಸಿಫಿಕ್ ಸಾಗರದ ಎಲ್ ನಿನೊ ಪಾಲೂ ಇತ್ತೆನ್ನಿ. ಎಲ್ಲ ಹೊರೆಯನ್ನೂ ಭೂಮಿಯ ಬಿಸಿಯೊಂದರ ತಲೆಗೇ ಹೊರಿಸುವುದು ನ್ಯಾಯವಲ್ಲ.

ನಮ್ಮ ಅನ್ನ ನಿಂತಿರುವುದಾದರೂ ನಮ್ಮೂರಿನ ಮಳೆಯ ಮೇಲಲ್ಲ, ಮಲೆನಾಡಿನ ಮಳೆಯ ಮೇಲೆ. ಅಲ್ಲಿ ಬಿದ್ದ ನೀರು ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ 186 ಅಡಿ ಮುಟ್ಟಿದರೆ ದಾವಣಗೆರೆ, ಹರಿಹರದ ಗದ್ದೆಗಳಲ್ಲಿ ಎರಡು ಬೆಳೆ. ಆರಿದ್ರೆ, ಪುನರ್ವಸು, ಪುಷ್ಯ ಎಂದು ರೈತರು ಮಳೆಗಳನ್ನು ಎಣಿಸಿದ್ದು, ಎಂಜಿನಿಯರರು ಜಲಾಶಯವನ್ನು ಅಳೆದದ್ದು, ಎರಡೂ ಮಳೆ ಹೊತ್ತಿಗೆ ಬರುತ್ತದೆಂಬ ನಂಬಿಕೆಯಿಂದ. 2023ರಲ್ಲಿ ಜಲಾಶಯ ತುಂಬಲಿಲ್ಲ. ನಾಲೆಯ ಕೊನೆಯ ಭಾಗದವರಿಗೆ ಬೇಸಿಗೆಯ ಬತ್ತ ಕನಸಾಯಿತು. 2024ರ ಜುಲೈ ಮುಗಿಯುವಷ್ಟರಲ್ಲಿ ಅದೇ ಜಲಾಶಯ ತುಂಬಿ ತುಳುಕಿ, ಬಾಗಿಲು ತೆರೆದು ನೀರನ್ನು ಹೊಳೆಗೆ ಬಿಡಬೇಕಾಯಿತು. ಎರಡು ವರ್ಷದ ಮಳೆಯನ್ನು ಕೂಡಿಸಿ ಭಾಗಿಸಿದರೆ ಕೊರತೆ ಅಷ್ಟಾಗಿ ಕಾಣದು. ಸರಾಸರಿಯಿಂದ ಸಸಿಮಡಿ ಹಸುರಾದೀತೆ?

ಚನ್ನಗಿರಿಯ ಕಡೆಯ ಸೂಳೆಕೆರೆ, ಅಂದರೆ ಶಾಂತಿಸಾಗರ, ಈ ಜಲಾಶಯಕ್ಕಿಂತ ಶತಮಾನಗಳಷ್ಟು ಹಿರಿದು. ಬಂದಾಗ ಬಂದಷ್ಟು ನೀರನ್ನು ತಡೆದು, ಬಾರದ ದಿನಕ್ಕೆ ಕಾದಿರಿಸಲು ಎರಡು ಗುಡ್ಡಗಳ ನಡುವೆ ಏರಿ ಹಾಕಿದರು. ಅದರ ಹೂಳೆತ್ತುವ ಮಾತನ್ನು ನಾವು ದಶಕಗಳಿಂದ ಆಡುತ್ತಲೇ ಇದ್ದೇವೆ.