ಚಕ್ರದ ಪಟ್ಟಿಯಿಂದ ದಂಡಿನವರೆಗೆ

ಬೆಂಗಳೂರಿನ ಹಳೆಯ ಪೇಟೆಯ ಪೂರ್ವಕ್ಕೆ, ಹಲಸೂರಿನ ಆಸುಪಾಸಿನಲ್ಲಿ 1809ರ ವೇಳೆಗೆ ನೆಲೆಯೂರಿದ ಬ್ರಿಟಿಷ್ ಸೇನಾ ವಸತಿಗೆ ಕಂಟೋನ್ಮೆಂಟ್ ಎಂಬ ಹೆಸರು ಬಂದದ್ದು ಫ್ರೆಂಚ್ ಸೈನಿಕ ಪರಿಭಾಷೆಯ ಮೂಲಕ. ಯುದ್ಧದ ನಡುವಣ ಬಿಡುವಿನಲ್ಲಿ ಪಡೆಯನ್ನು ತುಕಡಿಗಳಾಗಿ ಹಂಚಿ ಊರೂರುಗಳಲ್ಲಿ ತಾತ್ಕಾಲಿಕವಾಗಿ ತಂಗಿಸುವುದನ್ನು ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಹಾಗೆನ್ನುತ್ತಿದ್ದರು. ಅದರೊಳಗಿನ ಕ್ಯಾಂಟನ್ ಎಂದರೆ ನಾಡಿನ ಒಂದು ಭಾಗ. ಸ್ವಿಟ್ಜರ್ಲೆಂಡಿನ ಪ್ರಾಂತಗಳಿಗೆ ಈಗಲೂ ಇದೇ ಹೆಸರು. ಚೀನಾದ ಕ್ಯಾಂಟನ್‌ಗೂ ಇದಕ್ಕೂ ನಂಟಿಲ್ಲ, ಅದು ಗುವಾಂಗ್‌ಡಾಂಗ್ ಎಂಬುದು ಪೋರ್ಚುಗೀಸರ ಬಾಯಲ್ಲಿ ಪಡೆದ ರೂಪ.

ನಾಡಿನ ಭಾಗವೆಂಬ ಆ ಕ್ಯಾಂಟನ್‌ನ ಬೇರು ಹಿಡಿದು ಹೋದರೆ ಇಟಲಿಯ ಭಾಷೆಯಲ್ಲಿ ಕಾಂಟೊ ಎಂದರೆ ಮೂಲೆ. ಅದರ ಹಿಂದಿರುವ ಲ್ಯಾಟಿನ್ನಿನ ಕಾಂತುಸ್ ಗಾಡಿಯ ಚಕ್ರಕ್ಕೆ ಬಿಗಿಯುವ ಕಬ್ಬಿಣದ ಪಟ್ಟಿ. ಪಟ್ಟಿಯು ಅಂಚಾಗಿ, ಅಂಚು ಮೂಲೆಯಾಗಿ, ಮೂಲೆ ನಾಡಿನ ತುಂಡಾಗಿ ಅರ್ಥ ಸರಿಯುತ್ತ ಬಂದಿದೆ. ಈ ಪದ ರೋಮನ್ನರಿಗೇ ಪರಕೀಯವೆನಿಸಿತ್ತು: ಕವಿ ಪರ್ಸಿಯಸ್ ಅದನ್ನು ರೂಢಿಯ ಮಾತೆಂಬಂತೆ ಬಳಸಿದ್ದರೂ, ಅದು ಆಫ್ರಿಕಾದ್ದೋ ಸ್ಪೇನಿನದೋ ಇರಬೇಕೆಂದು ಮೊದಲನೆಯ ಶತಮಾನದ ಭಾಷಣಶಾಸ್ತ್ರಜ್ಞ ಕ್ವಿಂಟಿಲಿಯನ್ ಬರೆದಿದ್ದಾನೆ. ವೇಲ್ಸ್ ಭಾಷೆಯಲ್ಲಿಯೂ ಚಕ್ರದ ಅಂಚಿಗೆ ಕಾಂಟ್ ಎಂಬ ಮಾತಿರುವುದರಿಂದ ಇಂದಿನ ವಿದ್ವಾಂಸರು ಸೆಲ್ಟಿಕ್ ಮೂಲದತ್ತ ಒಲಿಯುತ್ತಾರೆ. ಇದನ್ನು ಹೋಲುವ ಗ್ರೀಕಿನ ಕಾಂತೋಸ್ ಎಂದರೆ ಕಣ್ಣಿನ ಮೂಲೆ. ನೇತ್ರವೈದ್ಯರು ಇಂದಿಗೂ ಆ ಜಾಗವನ್ನು ಕ್ಯಾಂಥಸ್ ಎಂದೇ ಕರೆಯುತ್ತಾರೆ.

ತಾತ್ಕಾಲಿಕ ತಂಗುದಾಣ ಕಾಯಂ ಊರಾದದ್ದು ಭಾರತದ ನೆಲದಲ್ಲಿ. 1799ರಲ್ಲಿ ಗೆದ್ದ ಶ್ರೀರಂಗಪಟ್ಟಣದಲ್ಲಿ ಮಲೇರಿಯಾದಿಂದ ನರಳಿದ ಪಡೆ ಬೆಂಗಳೂರಿಗೆ ಬಂದು ನೆಲೆಸಿತು, 1864ರಲ್ಲಿ ಜೋಲಾರಪೇಟೆಯಿಂದ ರೈಲೂ ಬಂದಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ಬ್ರಿಟಿಷರು ಈ ಭಾಗವನ್ನು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ತಮ್ಮ ಆಡಳಿತದಲ್ಲಿಯೇ ಉಳಿಸಿಕೊಂಡರು. ಪೇಟೆಗೂ ಇದಕ್ಕೂ ಒಂದೇ ನಗರಸಭೆಯಾದದ್ದು 1949ರಲ್ಲಿ.

ಕನ್ನಡಿಗರು ಇದನ್ನು ಮೊದಲಿನಿಂದಲೂ ದಂಡು ಎಂದೇ ಕರೆದರು. ಸಂಸ್ಕೃತದ ದಂಡ ಎಂದರೆ ಕೋಲು, ಶಿಕ್ಷಿಸುವ ಅಧಿಕಾರ, ಸೈನ್ಯ. ಹೊಯ್ಸಳ ಶಾಸನಗಳ ದಂಡನಾಯಕನೂ ಆಡುಮಾತಿನ ದಂಡೆತ್ತಿ ಹೋಗುವುದೂ ಅಲ್ಲಿಂದಲೇ ಬಂದವು. ರೈಲು ನಿಲ್ದಾಣದ ಕನ್ನಡ ಫಲಕ ಬೆಂಗಳೂರು ದಂಡು ಎನ್ನುತ್ತದೆ, ಶಿವಾಜಿನಗರದ ದೇವಿ ದಂಡು ಮಾರಿಯಮ್ಮ. ಹೊರಟು ಹೋಗುವುದೇ ದಂಡಿನ ಸ್ವಭಾವವಾದರೂ ಇಲ್ಲಿ ಆ ಪದವೂ ಫ್ರೆಂಚ್ ಪದದಂತೆಯೇ ನೆಲಕ್ಕೆ ಅಂಟಿಕೊಂಡಿತು. ಬೆಳಗಾವಿಯಲ್ಲಾದರೋ ಅಧಿಕೃತ ಕಾಗದಪತ್ರಗಳಲ್ಲಿ ಕಂಟೋನ್ಮೆಂಟ್ ಎಂದಿರುವ ಭಾಗ ಜನರ ಬಾಯಲ್ಲಿ ಕ್ಯಾಂಪ್. ಆ ಪದದ ಮೂಲವಾದ ಲ್ಯಾಟಿನ್ನಿನ ಕಾಂಪುಸ್‌ಗೆ ಬಯಲು ಎಂದರ್ಥ.