ಅಹಮದ್‌ಖಾನನ ಧರ್ಮಶಾಲೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ಜನರಿಗೆ ಹಂಪೆಯ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ವಿರೂಪಾಕ್ಷನ ದರ್ಶನ ಮಾಡಿ, ವಿಠ್ಠಲಾಲಯದ ಕಲ್ಲಿನ ರಥವನ್ನು ನೋಡಿ ಮನೆಗೆ ಮರಳುವುದು ನಮ್ಮಲ್ಲಿ ವಾಡಿಕೆ. ಆದರೆ ಕಮಲಾಪುರದಿಂದ ತಳವಾರಘಟ್ಟದತ್ತ ಹೋಗುವಾಗ, ಗುಂಡುಗಲ್ಲಿನ ಬೆಟ್ಟಗಳ ನಡುವೆ, ಕಂಬಗಳ ಮಂಟಪವೊಂದು ಇದೆ. ಅದನ್ನು ಹಳೆಯ ಛತ್ರವೆಂದು ಬಗೆದು ಮುಂದೆ ಸಾಗುವವರೇ ಹೆಚ್ಚು. ವಾಚಕರೇ, ಅದು ಒಂದು ಮಸೀದಿ.

ಹೀಗೆ ಭ್ರಮಿಸುವುದು ಸಹಜವೇ. ಕಲಬುರ್ಗಿಯಲ್ಲಿ ಸೂಫಿ ಸಂತ ಬಂದೇನವಾಜರ ದರ್ಗಾವನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಆ ಮಹನೀಯರು ಕಾಲವಾದದ್ದು 1422ರಲ್ಲಿ. ಅವರ ಸಮಾಧಿಯ ಮೇಲಿನ ಭಾರಿ ಗುಮ್ಮಟ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಅದಾದ 17 ವರ್ಷಗಳ ಮೇಲೆ ಕಟ್ಟಿದ ಹಂಪೆಯ ಈ ಮಸೀದಿಗೆ ಗುಮ್ಮಟವಿಲ್ಲ, ಮಿನಾರುಗಳಿಲ್ಲ. ದೇವಾಲಯದ ಮಂಟಪಗಳಲ್ಲಿರುವಂತಹ ಕಂಬಗಳು, ಅವುಗಳ ಮೇಲೆ ಸಪಾಟಾದ ಛಾವಣಿ, ಅಷ್ಟೆ. ಪಡುವಣ ಗೋಡೆಯಲ್ಲಿರುವ ಗೂಡು ಮಾತ್ರ ನಮಾಜಿನ ದಿಕ್ಕನ್ನು ಸೂಚಿಸುತ್ತದೆ. ಗುಮ್ಮಟ ಕಟ್ಟಬಲ್ಲವರು ಅಲ್ಲಿ ಇರಲಿಲ್ಲವೆ ಎಂದರೆ, ಪಕ್ಕದ ಗೋರಿಗೇ ಗುಮ್ಮಟವಿದೆ!

ಹಾಗಾದರೆ ಈ ರೂಪವೇಕೆ? ಅಲ್ಲಿಯ ಕನ್ನಡ ಶಾಸನವನ್ನು ಓದಿದರೆ ಉತ್ತರದ ಎಳೆ ಸಿಗುತ್ತದೆ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್‌ಖಾನನು 1439ರಲ್ಲಿ, ತನ್ನ ಒಡೆಯನಿಗೆ ಪುಣ್ಯವಾಗಲೆಂದು ಇದನ್ನು ಕಟ್ಟಿಸಿದನು. ಶಾಸನವು ಇದನ್ನು ಮಸೀದಿ ಎನ್ನುವುದಿಲ್ಲ, ‘ಧರ್ಮಶಾಲೆ’ ಎನ್ನುತ್ತದೆ. ಗುಡಿಗೆ ಭೂಮಿ ಬಿಟ್ಟವರೂ ಕೆರೆ ಕಟ್ಟಿಸಿದವರೂ ತಮ್ಮ ಒಡೆಯನ ಪುಣ್ಯಕ್ಕೆಂದು ಬರೆಯಿಸುತ್ತಿದ್ದುದು ನಮ್ಮ ಶಾಸನಗಳ ರೂಢಿ. ಖಾನನೂ ಆ ರೂಢಿಯನ್ನೇ ಹಿಡಿದನು. ಪ್ರಾರ್ಥನೆ ಅವನ ಮತದ್ದು. ದಾನದ ಮಾತು ಈ ನಾಡಿನದು. ಮಾತಿನಂತೆಯೇ ಕಂಬಗಳೂ ಈ ನಾಡಿನವೇ.

ಅರಸನೂ ಅಂಥವನೇ ಆಗಿದ್ದನೆಂದು ತೋರುತ್ತದೆ. ದೇವರಾಯನು ಮುಸಲ್ಮಾನ ಬಿಲ್ಲುಗಾರರನ್ನು ಸೈನ್ಯಕ್ಕೆ ಸೇರಿಸಿಕೊಂಡು, ಅವರಿಗಾಗಿ ಮಸೀದಿ ಕಟ್ಟಿಸಿ, ಅವರು ಸಂಕೋಚವಿಲ್ಲದೆ ವಂದಿಸಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸಿದ್ದನೆಂದು ಮುಂದೆ ಬಿಜಾಪುರದಲ್ಲಿದ್ದ ಇತಿಹಾಸಕಾರ ಫಿರಿಷ್ತನು ಬರೆದಿದ್ದಾನೆ. ಬಹಮನಿ ಸುಲ್ತಾನರೊಡನೆ ವಿಜಯನಗರವು ಕಾದಾಡುತ್ತಿದ್ದ ಕಾಲವದು ಎಂಬುದನ್ನು ಮರೆಯಬಾರದು. ರಾಜ್ಯಕ್ಕೂ ರಾಜ್ಯಕ್ಕೂ ಯುದ್ಧ ನಡೆದಿದ್ದಾಗಲೂ ರಾಜಧಾನಿಯೊಳಗೆ ಈ ಧರ್ಮಶಾಲೆಗೆ ಸ್ಥಳವಿತ್ತು.

ಈ ಸಲ ಹಂಪೆಗೆ ಹೋದಾಗ ಅಲ್ಲಿ ಹತ್ತು ನಿಮಿಷ ನಿಲ್ಲಿರಿ. ಜೊತೆಗೆ ಬಂದ ಮಕ್ಕಳಿಗೆ ಪಡುವಣ ಗೂಡನ್ನೂ ಕಂಬಗಳನ್ನೂ ತೋರಿಸಿ, ಆ ಒಂದು ಪದದ ಅರ್ಥವನ್ನು ತಿಳಿಸಿಕೊಡಿರಿ.