ಓತಿಕ್ಯಾತದ ಮೇಲೇಕೆ ಕಲ್ಲು?

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯ ಇಕ್ಕೆಲದ ಬೇಲಿಗಳಲ್ಲಿ, ದೊಡ್ಡಬಾತಿಯ ಗುಡ್ಡದ ಬಂಡೆಗಳಲ್ಲಿ, ಭದ್ರಾ ನಾಲೆಯ ನೀರುಂಡ ಗದ್ದೆಗಳ ಬದುಗಳಲ್ಲಿ, ತುಂಗಭದ್ರೆಯ ದಡದ ಕಲ್ಲುಸಂದುಗಳಲ್ಲಿ ಒಂದು ಮೂಕ ಕುಲವು ನಮ್ಮೊಡನೆ ಬಾಳುತ್ತಲಿದೆ. ಬೇಲಿಯ ಗೂಟವನ್ನೇರಿದ ಓತಿಕ್ಯಾತ, ಗೋಡೆಯ ಹಲ್ಲಿ, ತರಗೆಲೆಯೊಳಗೆ ಸರಿದಾಡುವ ಹಾವುರಾಣಿ, ಹುತ್ತದ ಬಳಿಯ ಉಡ, ಇವೆಲ್ಲವೂ ಆ ಒಂದೇ ಕುಲಕ್ಕೆ ಸೇರಿದವು. ನಾಗರಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ನಮ್ಮ ಜನರು, ಮರುದಿನ ಅದೇ ದಾರಿಯಲ್ಲಿ ಓತಿಕ್ಯಾತವು ತಲೆಯಾಡಿಸಿತೆಂಬ ಒಂದೇ ಕಾರಣಕ್ಕೆ ಅದರ ಮೇಲೆ ಕಲ್ಲು ಬೀಸುವ ಮಕ್ಕಳನ್ನು ತಡೆಯುವುದಿಲ್ಲ. ತಾನು ಅರಿಯದುದನ್ನು ಮನುಷ್ಯನು ಒಂದೋ ಪೂಜಿಸುವನು, ಇಲ್ಲವೇ ಕೊಲ್ಲುವನು. ಅರಿತಮೇಲೆ ಎರಡರ ಅವಶ್ಯಕತೆಯೂ ಉಳಿಯದು. ಆದಕಾರಣ ಈ ಪ್ರಾಣಿಗಳ ಬಾಳುವೆಯನ್ನು ಕುರಿತು ಇಂದು ವಾಚಕರೊಡನೆ ನಾಲ್ಕು ಮಾತನಾಡಬೇಕೆಂದು ನಮಗೆ ತೋರಿದೆ.

ಓತಿಕ್ಯಾತಕ್ಕೆ ಬೇಲಿಯೇ ಸಾಕ್ಷಿ ಎಂಬ ಗಾದೆಯನ್ನು ನಾವು ಕಳ್ಳನ ಪರವಾಗಿ ಸಾಕ್ಷಿ ನುಡಿಯುವ ಕಳ್ಳನನ್ನು ಹಳಿಯಲು ಬಳಸುತ್ತೇವೆ. ಆದರೆ ಓತಿಕ್ಯಾತವು ಬೇಲಿಯನ್ನು ಬಿಡದಿರುವುದಕ್ಕೆ ಬೇರೆಯೇ ಕಾರಣವುಂಟು. ಆಹಾರವನ್ನು ಅರಸುವ ರೀತಿಯಲ್ಲಿ ಹಲ್ಲಿಯ ಕುಲದವು ಎರಡು ಬಣಗಳಾಗುವುವೆಂದು ಅಮೆರಿಕದ ವಿಜ್ಞಾನಿ ಎರಿಕ್ ಪಿಯಾಂಕಾ ಅವರು 1966ರಲ್ಲಿ ತೋರಿಸಿದರು. ಒಂದು ಬಣವು ಎತ್ತರದ ಠಾವಿನಲ್ಲಿ ಅಲುಗದೆ ಕುಳಿತು, ಇರುವೆಯೋ ಮಿಡತೆಯೋ ಚಲಿಸಿದುದನ್ನು ಕಂಡೊಡನೆ ಮೇಲೆ ಬೀಳುವುದು. ಇನ್ನೊಂದು ಬಣವು ದಿನವಿಡೀ ಅಲೆದು, ಮಣ್ಣು ಕೆದಕಿ, ಎಲೆ ಮಗುಚಿ, ಅಡಗಿದುದನ್ನು ಹೊರಗೆಳೆದು ತಿನ್ನುವುದು. ಮೊದಲನೆಯದಕ್ಕೆ ನಮ್ಮ ಓತಿಕ್ಯಾತವೇ ನಿದರ್ಶನ, ಎರಡನೆಯದಕ್ಕೆ ಉಡ. ಕುಳಿತು ತಿನ್ನುವವನಿಗೆ ಖರ್ಚು ಕಡಮೆ, ಆದಾಯವೂ ಕಡಮೆ. ಅಲೆದು ತಿನ್ನುವವನಿಗೆ ಎರಡೂ ಹೆಚ್ಚು. ಪಿಯಾಂಕಾ ಹಾಗೂ ರೇಮಂಡ್ ಹ್ಯೂಯಿ ಅವರು ಆಫ್ರಿಕದ ಕಲಹಾರಿ ಮರುಭೂಮಿಯಲ್ಲಿ ಈ ಲೆಕ್ಕವನ್ನು ಪರೀಕ್ಷಿಸಿ 1981ರಲ್ಲಿ ಪ್ರಕಟಿಸಿದರು. ಒಂದೆಡೆ ಗುಂಪಾಗಿರುವ ಗೆದ್ದಲು ಅಲೆಮಾರಿಗೆ ಹೆಚ್ಚಾಗಿ ದೊರೆಯುವುದೆಂದೂ, ಓಡಾಡುವ ಹುಳುಗಳು ಕುಳಿತವನ ಪಾಲಾಗುವುವೆಂದೂ ಅವರು ಕಂಡರು.

ವೃತ್ತಿಗೆ ತಕ್ಕ ಇಂದ್ರಿಯ ಎಂಬುದು ಇಲ್ಲಿ ಅಕ್ಷರಶಃ ನಿಜ. ಕುಳಿತು ಕಾಯುವ ಓತಿಕ್ಯಾತಕ್ಕೆ ಕಣ್ಣೇ ಬಂಡವಾಳ. ಅದರ ನಾಲಿಗೆಯು ದಪ್ಪನಾದುದು, ಕಂಡ ಹುಳುವನ್ನು ಬಾಯಿಗೆ ಎಳೆದುಕೊಳ್ಳುವುದಕ್ಕಾಗಿ ಇರುವುದು. ಈ ವಿಷಯದಲ್ಲಿ ಅರಿವನ್ನು ಬೆಳೆಸಿದವರು ನಮ್ಮ ನೆರೆಯ ಧಾರವಾಡದವರೆಂಬುದು ಹೆಮ್ಮೆಯ ಸಂಗತಿ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಸ್. ಕೆ. ಸೈದಾಪುರ, ಭಾಗ್ಯಶ್ರೀ ಶಾನಭಾಗ ಮೊದಲಾದವರು ಬಹುಕಾಲ ಓತಿಕ್ಯಾತವನ್ನೇ ಅಭ್ಯಸಿಸಿದರು. ಬೇಟೆಯನ್ನು ಗುರುತಿಸುವಲ್ಲಿ ಓತಿಕ್ಯಾತದ ಎಳೆಯ ಮರಿಗಳು ವಾಸನೆಗಿಂತ ಕಣ್ಣನ್ನೇ ನೆಚ್ಚುವುವೆಂದು ಈ ತಂಡವು 2014ರಲ್ಲಿ ಪ್ರಕಟಿಸಿತು. ರುಚಿಯನ್ನೂ ಬಣ್ಣವನ್ನೂ ಜೋಡಿಸಿಕೊಂಡು ಕಲಿಯುವ ಶಕ್ತಿಯು ಮೊಟ್ಟೆಯೊಡೆದು ಬಂದ ಮರಿಗಳಿಗಿರುವುದನ್ನು ಅವರೇ 2010ರಲ್ಲಿ ತಿಳಿಸಿದ್ದರು. ತಾಯಿಯ ಪೋಷಣೆಯಿಲ್ಲದೆ, ಹೇಳಿಕೊಡುವವರಿಲ್ಲದೆ ಹುಟ್ಟಿದ ದಿನದಿಂದಲೇ ತನ್ನ ಅನ್ನವನ್ನು ತಾನೇ ದುಡಿಯುವ ಮರಿಗೆ ಈ ಕಲಿಕೆಯೇ ಗುರುಕುಲವೆನ್ನಬಹುದು.

ಅಲೆದು ತಿನ್ನುವ ಉಡದ ಸಂಗತಿಯೇ ಬೇರೆ. ಮಣ್ಣಿನಡಿಯ ಹುಳುವಾಗಲಿ, ಹುದುಗಿಸಿಟ್ಟ ಮೊಟ್ಟೆಯಾಗಲಿ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಉಡವು ಹೆಜ್ಜೆಹೆಜ್ಜೆಗೂ ಸೀಳುನಾಲಿಗೆಯನ್ನು ಚಾಚಿ ನೆಲವನ್ನೂ ಗಾಳಿಯನ್ನೂ ಮುಟ್ಟಿ ಒಳಗೆಳೆದುಕೊಳ್ಳುವುದು. ನಾಲಿಗೆಗೆ ಅಂಟಿದ ಸೂಕ್ಷ್ಮ ಕಣಗಳು ಬಾಯಿಯ ಮೇಲ್ಛಾವಣಿಯಲ್ಲಿರುವ ಒಂದು ಜೊತೆ ಚೀಲಗಳನ್ನು ಸೇರುವುವು. ಅವುಗಳಿಗೆ ಡೆನ್ಮಾರ್ಕಿನ ವೈದ್ಯ ಜೇಕಬ್ಸನ್ನನ ಹೆಸರಿದೆ. ಮೂಗಿಗೆ ನಿಲುಕದ ಭಾರವಾದ ಕಣಗಳ ಗುರುತನ್ನೂ ಈ ಅಂಗವು ಹಿಡಿಯಬಲ್ಲುದು. ನಾಲಿಗೆಯೇಕೆ ಸೀಳಿದೆ? ಸುಳ್ಳು ನುಡಿದುದರ ಶಾಪವೆಂದು ಕಥೆಗಳು ಹೇಳಬಹುದು. ಎರಡು ತುದಿಗಳೂ ಒಂದೇ ಕ್ಷಣದಲ್ಲಿ ಎರಡು ಕಡೆಯ ವಾಸನೆಯನ್ನು ಹೋಲಿಸಿ, ಜಾಡು ಎಡಕ್ಕೆ ತಿರುಗಿತೋ ಬಲಕ್ಕೆ ತಿರುಗಿತೋ ಎಂಬುದನ್ನು ತಿಳಿಸುವುವೆಂದು ಕರ್ಟ್ ಶ್ವೆಂಕ್ ಅವರು 1994ರಲ್ಲಿ ವಾದಿಸಿದರು. ನಮಗೆ ಎರಡು ಕಿವಿಗಳು ಸದ್ದಿನ ದಿಕ್ಕನ್ನು ತಿಳಿಸುವಂತೆಯೇ ಇದೂ.

ಇಂತಹ ಸೂಕ್ಷ್ಮವಾದ ವಿಷಯವನ್ನು ಪರೀಕ್ಷಿಸಲು ವಿಜ್ಞಾನಿಗಳು ಬಳಸಿದ ಸಾಧನವು ಅತಿ ಸರಳವಾದುದು: ಕಡ್ಡಿಯ ತುದಿಗೆ ಸುತ್ತಿದ ಒಂದಿಷ್ಟು ಹತ್ತಿ. ಅದನ್ನು ಬೇಟೆಯ ವಾಸನೆಯಲ್ಲಿ ಒರಸಿ ಹಲ್ಲಿಯ ಮೂತಿಯ ಮುಂದೆ ಹಿಡಿದು, ನಾಲಿಗೆ ಎಷ್ಟು ಬಾರಿ ಹೊರಬಂದಿತೆಂದು ಎಣಿಸುವರು. ಬರಿಯ ನೀರಿನಲ್ಲಿ ಅದ್ದಿದ ಇನ್ನೊಂದು ಹತ್ತಿಯೊಡನೆ ಹೋಲಿಸುವರು. ವಿಲಿಯಂ ಕೂಪರ್ ಅವರು ಹತ್ತಾರು ಜಾತಿಗಳ ಮೇಲೆ ಹೀಗೆ ಪರೀಕ್ಷೆ ನಡೆಸಿ, ಅಲೆಯುವ ಜಾತಿಗಳು ಬೇಟೆಯ ವಾಸನೆಯನ್ನು ನಾಲಿಗೆಯಿಂದ ಬೇರ್ಪಡಿಸಬಲ್ಲವೆಂದೂ, ಕುಳಿತು ಕಾಯುವವುಗಳಲ್ಲಿ ಬಹುಪಾಲಿಗೆ ಆ ಶಕ್ತಿ ಇಲ್ಲವೆಂದೂ ಕಂಡುಕೊಂಡರು. ಹತ್ತಿಯ ಗಿರಣಿಗಳಿಂದ ಒಂದು ಕಾಲಕ್ಕೆ ನಾಡಿಗೆಲ್ಲ ಹೆಸರಾಗಿದ್ದ ದಾವಣಗೆರೆಯ ಶಾಲೆಗಳಲ್ಲಿ ಇಂತಹ ಪರೀಕ್ಷೆಗೆ ಬೇಕಾದುದು ದುಬಾರಿಯ ಯಂತ್ರವಲ್ಲ, ತಾಳ್ಮೆಯೊಂದೇ ಎಂಬುದನ್ನು ಉಪಾಧ್ಯಾಯರು ಗಮನಿಸಬೇಕು.

ವಾಸನೆಯು ಅನ್ನವನ್ನಷ್ಟೇ ಅಲ್ಲ, ಮೃತ್ಯುವನ್ನೂ ಸೂಚಿಸುವುದು. ಯುರೋಪಿನ ಒಂದು ಹಲ್ಲಿಯನ್ನು ಹಾವು ಇದ್ದುಹೋದ ಪಂಜರದಲ್ಲಿ ಬಿಟ್ಟಾಗ, ಹಾವು ಕಾಣದಿದ್ದರೂ ಅದು ಪದೇ ಪದೇ ನಾಲಿಗೆ ಚಾಚಿ ನಡೆಯನ್ನು ಬದಲಿಸಿಕೊಂಡಿತೆಂದು 1986ರ ಒಂದು ಪ್ರಬಂಧವು ತಿಳಿಸಿದೆ. ಪ್ರಕೃತಿಯಲ್ಲಿ ಇನ್ನೊಂದು ವಿಚಿತ್ರವಾದ ನ್ಯಾಯವೂ ಉಂಟು. ಕುಳಿತ ಹಲ್ಲಿಯನ್ನು ಅಲೆಯುವ ಶತ್ರುವು ಹುಡುಕಿ ತಿನ್ನುವುದು, ಅಲೆಯುವ ಹಲ್ಲಿಯು ಹೊಂಚು ಹಾಕಿದ ಶತ್ರುವಿನ ಬಾಯಿಗೆ ತಾನಾಗಿ ಬೀಳುವುದು. ಅನ್ನದ ದಾರಿಯೇ ಅಪಾಯದ ದಾರಿಯನ್ನೂ ನಿರ್ಣಯಿಸುವುದೆಂದಾಯಿತು.

ಹಾಗಾದರೆ ಪಲಾಯನವು ಹೇಡಿತನವೇ? ಶತ್ರುವನ್ನು ಕಂಡಕೂಡಲೆ ಹಲ್ಲಿಯು ಓಡುವುದಿಲ್ಲ. ಓಡಿದರೆ ಬಿಸಿಲಿನ ಜಾಗ ಹೋಯಿತು, ಬೇಟೆ ಹೋಯಿತು, ಸಂಗಾತಿಯೂ ಹೋಯಿತು. ನಿಂತರೆ ಪ್ರಾಣ ಹೋದೀತು. ನಿಲ್ಲುವುದರ ನಷ್ಟವು ಓಡುವುದರ ನಷ್ಟವನ್ನು ಸರಿಗಟ್ಟುವ ಕ್ಷಣದಲ್ಲಿಯೇ ಪ್ರಾಣಿಯು ಕಾಲು ಕೀಳುವುದೆಂದು ಇಡೆನ್‌ಬರ್ಗ್ ಮತ್ತು ಡಿಲ್ ಎಂಬವರು 1986ರಲ್ಲಿ ಪ್ರತಿಪಾದಿಸಿದರು. ಆಮೇಲೆ ಈ ಲೆಕ್ಕಾಚಾರವು ಹಲವು ಹಲ್ಲಿಗಳಲ್ಲಿ ಪರೀಕ್ಷೆಗೊಳಗಾಗಿದೆ. ದೊಡ್ಡಬಾತಿಯಂತಹ ಕಲ್ಲುಗುಡ್ಡಗಳು ದಕ್ಷಿಣ ಭಾರತದಲ್ಲಿ ಬಂಡೆ ಓತಿಕ್ಯಾತಕ್ಕೆ ತಕ್ಕ ನೆಲೆಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಧಾ ಬಟಬ್ಯಾಲ್ ಹಾಗೂ ಮಾರಿಯಾ ಥೇಕರ್ ಅವರು ಈ ಬಂಡೆ ಓತಿಕ್ಯಾತಗಳ ಮುಂದೆ ಎರಡು ಅಡಗುದಾಣಗಳನ್ನಿಟ್ಟು, ಒಂದು ಕ್ಷೇಮ, ಇನ್ನೊಂದು ಅಪಾಯ ಎಂಬುದನ್ನು ಅವು ಎಷ್ಟು ಬೇಗ ಕಲಿಯುವುವೆಂದು ನೋಡಿದರು. ಹಳ್ಳಿಗಾಡಿನವುಗಳಿಗಿಂತ ನಗರದಂಚಿನವು ಬೇಗ ಕಲಿತುವೆಂಬುದು 2019ರಲ್ಲಿ ಪ್ರಕಟವಾದ ಫಲಿತಾಂಶ. ನಮ್ಮ ಊರುಗಳು ಹಿಗ್ಗಿದಷ್ಟೂ ಈ ಮೂಕ ಜೀವಿಗಳು ಹೊಸ ಪಾಠವನ್ನು ಕಲಿಯಬೇಕಾಗಿ ಬಂದಿದೆ.

ಓಟವೂ ಸಾಲದಾದಾಗ ಹಲ್ಲಿ ಮತ್ತು ಹಾವುರಾಣಿಗಳು ಬಾಲವನ್ನೇ ತೆತ್ತು ಪ್ರಾಣವನ್ನುಳಿಸಿಕೊಳ್ಳುವುವು. ಬಾಲದ ಮೂಳೆಗಳಲ್ಲಿ ಮುರಿಯುವುದಕ್ಕೆಂದೇ ಗೆರೆಗಳಿವೆ. ಕಳಚಿಬಿದ್ದ ಬಾಲವು ಹೊರಳಾಡುತ್ತ ಶತ್ರುವಿನ ಕಣ್ಣನ್ನು ಸೆಳೆಯುವಷ್ಟರಲ್ಲಿ ಒಡೆಯನು ಪಾರಾಗಿರುವನು. ಹಾವುರಾಣಿಯ ಒಂದು ಜಾತಿಯಲ್ಲಿ ಮರಿಯ ಬಾಲವು ಕೆಂಪಾಗಿರುವುದು. ಪೆಟ್ಟು ತಲೆಯನ್ನು ಬಿಟ್ಟು ಬಾಲಕ್ಕೆ ಬೀಳಲೆಂಬುದೇ ಇದರ ಉಪಯೋಗವೆಂದು ತಿಳಿದವರು ಹೇಳುವರು. ಮತ್ತೆ ಬೆಳೆಯುವ ಬಾಲದೊಳಗೆ ಮೂಳೆಗೆ ಬದಲಾಗಿ ಮೃದ್ವಸ್ಥಿಯ ಕೊಳವೆಯಿರುವುದು. ಓತಿಕ್ಯಾತಕ್ಕೂ ಉಡಕ್ಕೂ ಈ ವರವಿಲ್ಲ, ಅವುಗಳ ಬಾಲ ಹೋದರೆ ಹೋದಂತೆಯೇ.

ಈಗ ನಮ್ಮ ಮುಖ್ಯವಾದ ಮಾತಿಗೆ ಬರೋಣ. ಗಿಡುಗ, ಕೆಂಬೂತ, ಕೇರೆಹಾವು, ಮುಂಗುಸಿಗಳನ್ನು ಎದುರಿಸಲು ಲಕ್ಷಾಂತರ ವರ್ಷಗಳಲ್ಲಿ ರೂಪುಗೊಂಡ ಈ ಉಪಾಯಗಳಲ್ಲಿ ಒಂದೂ ಮನುಷ್ಯನ ಮುಂದೆ ನಡೆಯುವುದಿಲ್ಲ. ಅಲುಗದೆ ಕುಳಿತರೆ ಗಿಡುಗನ ಕಣ್ಣಿಗೆ ಮರೆಯಾಗಬಹುದು, ಹುಡುಗನ ಕಲ್ಲಿಗೆ ಅದೇ ಒಳ್ಳೆಯ ಗುರಿ. ಬಿಲಕ್ಕೆ ನುಗ್ಗಿದರೆ ನಾಯಿಯಿಂದ ತಪ್ಪಬಹುದು, ಹಾರೆ ಹಿಡಿದು ಅಗೆಯುವ ಬೇಟೆಗಾರನಿಂದ ತಪ್ಪಲಾರದು. ಹಿಡಿದ ಪಟ್ಟನ್ನು ಬಿಡದವನನ್ನು ಉಡಕ್ಕೆ ಹೋಲಿಸಿ ಹೊಗಳುವ ನಾಡಿನಲ್ಲಿಯೇ ಉಡವನ್ನು ಮಾಂಸಕ್ಕಾಗಿ, ಹುಸಿ ಔಷಧಕ್ಕಾಗಿ ಕೊಲ್ಲುತ್ತಾರೆ. ಗಂಡು ಉಡದ ಜನನಾಂಗವನ್ನು ಒಣಗಿಸಿ ಅದೃಷ್ಟ ತರುವ ಬೇರೆಂದು ಮಾರುವ ವಂಚನೆಯೂ ದೇಶದಲ್ಲಿ ನಡೆದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಉಡದ ಹೆಸರಿದೆ. ಅದನ್ನು ಕೊಂದವರಿಗೆ 3ರಿಂದ 7 ವರ್ಷಗಳ ಸೆರೆಯೂ, 2022ರ ತಿದ್ದುಪಡಿಯಂತೆ 25,000 ರೂಪಾಯಿಗಳಿಗೆ ಕಡಮೆಯಿಲ್ಲದ ದಂಡವೂ ವಿಧಿಸಲ್ಪಡುವುದು. ಕಾಯಿದೆಯ ಕೈ ಉದ್ದವಾದರೂ ಪ್ರತಿಯೊಂದು ಹೊಲದ ಬದುವಿನವರೆಗೆ ಅದು ಚಾಚಲಾರದು.

ಹಲ್ಲಿಯ ಮೇಲಿನ ಅಪವಾದವೂ ಕಡಮೆಯದಲ್ಲ. ಹಲ್ಲಿ ಮೈಮೇಲೆ ಬಿದ್ದುದರ ಫಲವನ್ನು ಪಂಚಾಂಗದಲ್ಲಿ ಹುಡುಕುವವರಿಗೆ ನಾವು ಹೇಳುವುದೇನೂ ಇಲ್ಲ, ಹಲ್ಲಿಯು ಜಾರಿ ಬಿದ್ದಿತೆಂಬುದೇ ಅದರ ಫಲ. ಆದರೆ ಹಲ್ಲಿ, ಓತಿಕ್ಯಾತ, ಹಾವುರಾಣಿಗಳು ವಿಷಜಂತುಗಳೆಂಬ ನಂಬಿಕೆಯು ತಪ್ಪೆಂದು ಸ್ಪಷ್ಟವಾಗಿ ತಿಳಿಯತಕ್ಕದ್ದು. ಇವುಗಳಲ್ಲಿ ಒಂದಕ್ಕೂ ಮನುಷ್ಯನನ್ನು ಕೊಲ್ಲುವ ವಿಷವಿಲ್ಲ. ಹಲ್ಲಿ ಬಿದ್ದ ಅಡಿಗೆಯನ್ನು ಚೆಲ್ಲುವುದು ಸರಿಯೇ, ಏಕೆಂದರೆ ಅದರ ಮಲದಲ್ಲಿ ಹೊಟ್ಟೆಗೆ ಕೇಡು ತರುವ ರೋಗಾಣುಗಳಿರಬಹುದು. ಪಾತ್ರೆಗೆ ಮುಚ್ಚಳ ಮುಚ್ಚುವುದು ಇದಕ್ಕೆ ಪರಿಹಾರ, ಹಲ್ಲಿಯನ್ನು ಬಡಿಯುವುದಲ್ಲ.

ಮೆಕ್ಕೆಜೋಳ ಬೆಳೆಯುವ ನಮ್ಮ ರೈತಬಾಂಧವರಿಗೆ ಸೈನಿಕ ಹುಳುವಿನ ಕಾಟವು ಹೊಸದಲ್ಲ. ಹೊರದೇಶದಿಂದ ಬಂದ ಅದರ ಒಂದು ಜಾತಿಯು ಭಾರತದಲ್ಲಿ ಮೊದಲು ಪತ್ತೆಯಾದುದು 2018ರಲ್ಲಿ, ನೆರೆಯ ಶಿವಮೊಗ್ಗದಲ್ಲಿ. ಓತಿಕ್ಯಾತಗಳೇ ಇಂತಹ ಪಿಡುಗನ್ನು ನಿವಾರಿಸುವುವೆಂದು ನಾವು ಹೇಳುವುದಿಲ್ಲ, ಅದು ಅತಿಶಯೋಕ್ತಿ. ಆದರೆ ಕೂಲಿ ಕೇಳದೆ ದಿನವೂ ಹುಳು ಹೆಕ್ಕುವ ಆಳನ್ನು ಕಲ್ಲೆಸೆದು ಓಡಿಸುವ ಯಜಮಾನನನ್ನು ಜಾಣನೆಂದು ಯಾರೂ ಕರೆಯರು. ಬದುವಿನ ಪೊದೆಯನ್ನು ಪೂರ್ತಿಯಾಗಿ ಸುಡದಿರುವುದು, ಬೇಲಿಯ ಒಂದಿಷ್ಟು ಹಸುರನ್ನೂ ಹುತ್ತವನ್ನೂ ಉಳಿಸುವುದು, ಬೇಕಾದಲ್ಲಿ ಬೇಕಾದಷ್ಟೇ ಔಷಧಿ ಸಿಂಪಡಿಸುವುದು, ಇವು ಯಾರ ಕೈಗೂ ಮೀರಿದ ಕೆಲಸಗಳಲ್ಲ.

ನಮ್ಮ ಓತಿಕ್ಯಾತಕ್ಕೆ 1802ರಲ್ಲಿ ಶಾಸ್ತ್ರೀಯ ನಾಮಕರಣ ಮಾಡಿದವನು ಫ್ರಾನ್ಸಿನ ದೋದ್ಯಾ. ಪರರು ನಮ್ಮ ಬೇಲಿಯ ಪ್ರಾಣಿಗೆ ಹೆಸರಿಟ್ಟ ಕಾಲವು ಕಳೆದು, ನಮ್ಮವರೇ ಅದರ ನಡೆನುಡಿಗಳನ್ನು ಜಗತ್ತಿಗೆ ತಿಳಿಸುವ ಕಾಲವು ಬಂದಿದೆ. ಆದರೆ ಆ ಅರಿವು ಇಂಗ್ಲಿಷಿನ ಪತ್ರಿಕೆಗಳಲ್ಲಿ ಉಳಿದು ದೊಡ್ಡಬಾತಿಯ ಹುಡುಗನನ್ನು ತಲಪದಿದ್ದರೆ, ಧಾರವಾಡದಲ್ಲಿ ದುಡಿದುದರ ಫಲವು ಅರ್ಧವೇ ಆಯಿತು. ಜೀವಿಗಳಲ್ಲಿ ದಯೆಯೂ ವೈಜ್ಞಾನಿಕ ಮನೋಭಾವವೂ ಪ್ರಜೆಗಳ ಮೂಲಭೂತ ಕರ್ತವ್ಯಗಳೆಂದು ನಮ್ಮ ಸಂವಿಧಾನದಲ್ಲಿ 1976ರಲ್ಲಿ ಸೇರಿಸಲ್ಪಟ್ಟಿತು. ಅವೆರಡನ್ನೂ ಒಂದರ ಪಕ್ಕದಲ್ಲಿ ಒಂದನ್ನು ಬರೆದಿದ್ದಾರೆ. ಹರಿಯನ್ನೂ ಹರನನ್ನೂ ಒಂದೇ ವಿಗ್ರಹದಲ್ಲಿ ಕಂಡ ಹರಿಹರದ ನೆಲಕ್ಕೆ, ದಯೆ ಮತ್ತು ಅರಿವು ಬೇರೆಬೇರೆಯಲ್ಲವೆಂಬುದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಎತ್ತಿದ ಕಲ್ಲನ್ನು ಕೆಳಗಿರಿಸಿ, ಆ ಪ್ರಾಣಿಯನ್ನು ಎರಡು ನಿಮಿಷ ನಿಂತು ನೋಡುವಂತೆ ತಾಯಿತಂದೆಗಳೂ ಉಪಾಧ್ಯಾಯರೂ ಮಕ್ಕಳಿಗೆ ಕಲಿಸಲಿ. ಇಷ್ಟೇ ನಮ್ಮ ಬಿನ್ನಹ.